ನೀಲಿ ತಾಟು

ಸೊಲ್ಲಾಪುರದ ಬುಧವಾರ ಪೇಠಿ, ವಿಹಾರದ ಪತ್ರಾದ ಕೆಳಗ
ಹನ್ನೊಂದು ಮಂದಿ ಕುಂತಿದ್ವಿ.
ಭಂತೇಜಿ ಊಟದ ತಾಟಿಗೆ ನೀಲಿ ಅರಿವಿ ಬಿಗಿದು
ಗ್ವಾಡಿಗೆ ಆನಿಸಿ ಇಟ್ರು.
ಮರಾಠಿ ಅರ್ಧ, ಕನ್ನಡ ಅರ್ಧ:
‘ನೋಡ್ರಿ. ಕಣ್ಣ ಮುಚ್ರಿ. ಮುಚ್ಚಿದ ಮ್ಯಾಲೂ
ನೀಲಿ ಉಳೀತದೇನು ನೋಡ್ರಿ.’

ಉಳೀತು.
ಮೊದಲ ರೊಟ್ಟಿಯಷ್ಟು, ಅಂಚು ಸೀದದ್ದು.
ಆಮ್ಯಾಲ ಸಿದ್ಧೇಶ್ವರ ಕೆರಿಯಷ್ಟು.
ಆಮ್ಯಾಲ ಅಂಚೇ ಇಲ್ಲ.
ಅಷ್ಟರಾಗ ಒಂದು ನವಿಲು ಬಂತು.

ಕರೆದಿರಲಿಲ್ಲ ನಾ.
ಮೂವತ್ತೊಂದು ವರ್ಷ ಚಾದರಿಗೆ
ಜಕಾರ್ಡಿನ ಪಟ್ಟಿ ಕೊರದಾವ.
ರಟ್ಟಿನ ಮ್ಯಾಲ ತೂತು, ತೂತಿನ ಬಾಜೂಕ ತೂತು,
ತೂತಿದ್ದಲ್ಲಿ ಎಳಿ ಏಳತದ,
ಇಲ್ಲದಲ್ಲಿ ಮಲಗತದ. ಇಷ್ಟೇ ನನ್ನ ವಿದ್ಯಾ.
ಬಳ್ಳಿ, ಹಂಸ, ತಾಜಮಹಲು,
ಗಾಜುಲ ಸೇಠರ ಮಗಳ ಲಗ್ನಕ್ಕ ಜೋಡಿ ಆನಿ,
ಎಲ್ಲಾ ಬರೇ ತೂತಿನ್ಯಾಗ ಹುಟ್ಟಿದ್ದು.

ನಾಚಿಕಿ ಆತು. ಎದ್ದು ಹೇಳಿದೆ:
ಮನಸು ಕಾರಖಾನಿಗೆ ಹೋಗಿ
ನವಿಲು ನೇಯ್ಕೊಂಡು ಬಂತ್ರಿ.
ಹಿಂದ ಕುಂತ ನನ್ನ ಮಾಲನ್ ಕಿಸಕ್ಕಂದಳು.
ಅವರು ನಗಲಿಲ್ಲ, ಬೈಲಿಲ್ಲ.
‘ಚಂದಿತ್ತೇನು?’
ಇತ್ರಿ.
‘ಕಣ್ಣು ಯಾವ ಬಣ್ಣದ್ದು?’

ವಾರವಿಡೀ ಅದೇ.
ಅಕ್ಕಲಕೋಟ ನಾಕಾದ ಚಹಾದ ಗಾಡಿ ಮುಂದ,
ಪಾಳಿ ಮುಗಿಸಿ ಕೈ ತೊಳಿಯೂಮುಂದ,
ಯಾವ ಬಣ್ಣ?
ಎಲಿ ಕತ್ತರಸಕೋತ ಮಾಲನ್ ಅಂದಳು,
‘ಧ್ಯಾನಂದ್ರ ಬಿಡೂದಂತ,
ನೀವು ನೋಡಿದ್ರ ಹಕ್ಕಿ ಹಿಡಿಯಾಕ ಹೊಂಟೀರಿ.’
ಖರೆ. ಹಿಡಿಯಾಕ ಹೋದಾಗೆಲ್ಲ
ತಾಟು ತಾಟಾಗೇ ಉಳೀತು, ಅರಿವಿ ಅರಿವಿಯಾಗಿ,
ಅದರ ಮೂಲ್ಯಾಗ ಬಿಚ್ಚಿದ ಒಂದು ಹೊಲಿಗಿ.

ಗುರುವಾರ ಕರೆಂಟ್ ಹೋತು.
ನಲವತ್ತು ಮಗ್ಗ ಒಮ್ಮೆಲೆ ಬಾಯಿ ಮುಚ್ಚಿದವು.
ಅರ್ಧ ನೇದ ಚಾದರಿನ ಮ್ಯಾಲ ಕಿಡಕಿಯ ಬಿಸಿಲು;
ನನ್ನದೇ ನವಿಲು, ಹಳೇ ಪಟ್ಟಿ,
ಎಷ್ಟು ಸಾವಿರ ಘಡಿ ಹಾಕಿ ಕಳಿಸಿದ್ದೋ.
ಬಗ್ಗಿ ನೋಡಿದೆ.
ಕಣ್ಣಿದ್ದಲ್ಲಿ ನಾ ತೂತೇ ಕೊರದಿಲ್ಲ.
ಬಿಳಿ ಎಳಿ ಅಲ್ಲಿ ಎದ್ದೇ ಇಲ್ಲ.
ಸುತ್ತ ಎದ್ದ ಬಿಳಿಯ ನಡುವ
ತಳದ ನೀಲಿ ಇತ್ತು, ಅಷ್ಟೇ,
ನನ್ನ ನೋಡಕೋತ.

ಐತವಾರ ಭಂತೇಜಿ ಕೇಳಲಿಲ್ಲ. ನಾನೂ ಹೇಳಲಿಲ್ಲ.
ಮಾಲನ್ ಸೂಜಿ ತಂದಿದ್ದಳು.
ತಾಟಿನ ಹೊಲಿಗಿ ಹಾಕಿ, ದಾರ ಹಲ್ಲಲೆ ಕಡದು,
ಎದುರ ಕುಂತು ಕಣ್ಣು ಮುಚ್ಚಿದಳು.
ಉಡಿಯಾಗ ಬೆರಳು ಇನ್ನೂ
ಇಲ್ಲದ ಬೀಡಿ ಸುತ್ತತಿದ್ದವು.
ಸ್ವಲ್ಪ ಹೊತ್ತಿಗೆ ಒಂದು ನಿಂತಿತು,
ಆಮ್ಯಾಲ ಇನ್ನೊಂದು.