ಮ್ಯಾಲಿನ ತುದಿ

ಘೋಡ ನದಿಯ ದಂಡೆ, ಗುಂಡಿ ನಂಬರ್ ಏಳು.
ಒಂದು ಮೊಳ ತೋಡಿದರೆ ಕರಕಲು ಜವೆಗೋಧಿ,
ಎರಡು ಮೊಳಕ್ಕೆ ಒಲೆ. ಬೂದಿ ಇನ್ನೂ ಮೆತ್ತಗೆ.

ನಾನು ನಕಾಶೆ ಬರೆಯುವವ. ಚೌಕಗಳೊಳಗೆ ಊರು ಕೂರಿಸುತ್ತೇನೆ:
ಐದು ಕೋಣೆಯ ಮನೆ ಕಣಜಕ್ಕೆ ಆತುಕೊಂಡಿದೆ,
ಕುಂಬಾರರದು ಹೊಗೆ ಹೋಗುವ ದಿಕ್ಕಿಗೆ, ಅಂಚಿಗೆ.
ಕಾಲುವೆ ಮಾತ್ರ ಎಲ್ಲರದೂ ಎಂದು
ನೀಲಿ ಪೆನ್ಸಿಲಿನಲ್ಲಿ ಒಂದೇ ಗೆರೆ ಎಳೆದೆ.

ಬುಟ್ಟಿ ಹೊರುವ ಅಂಬವ್ವ, ಅಫಜಲಪುರದ ಕಡೆಯವಳು,
ಪುಣೆಯ ಪೈಪುಗಳಿಗೆಲ್ಲ ಮಣ್ಣು ಎತ್ತಿದವಳು,
ಇಣುಕಿ ನಕ್ಕಳು:
"ಯಾರ ಮನಿ ನೀರಿನ ಮ್ಯಾಲಿನ ತುದಿಗೈತಿ ನೋಡ್ರಿ,
ಅವ್ರ ಗೌಡ್ರು."
ರಬ್ಬರು ಹುಡುಕಿದೆ. ಅಷ್ಟರಲ್ಲಿ ಟ್ಯಾಂಕರ್ ಬಂತು;
ಮೊದಲ ಕೊಡ ನಮ್ಮ ಟೆಂಟಿಗೆ.

ಸಂಜೆ, ಮನೆಯೊಂದರ ನೆಲದಡಿ ಅಸ್ಥಿಪಂಜರ.
ಪಾದಗಳಿಲ್ಲ.
ಸತ್ತವರು ಎದ್ದು ಹೋಗದಿರಲೆಂದು
ಕಡಿದು ಹೂಳುತ್ತಿದ್ದರೇನೋ, ಎಂದರು ಮೇಡಂ,
ಬ್ರಷ್ಷಿನಿಂದ ಮೊಣಕಾಲು ಒರೆಸುತ್ತ.

ಅಂಬವ್ವ ಬುಟ್ಟಿ ಇಳಿಸಿದಳು.
ತನ್ನ ಹಿಮ್ಮಡಿಯ ಬಿರುಕಿನಿಂದ ಮಣ್ಣು ಕೆದಕಿ ತೆಗೆದಳು,
ಕಾತ್ರಜದ್ದೋ, ಹಡಪಸರದ್ದೋ, ಯಾವ ಗುಂಡಿಯದೋ.
ಬಹಳ ಹೊತ್ತು ನೋಡಿ ಕೇಳಿದಳು:

"ಅಷ್ಟ ಬೇಕಾಗಿದ್ನೇನ್ರಿ ಅಂವ, ಊರಿಗೆ?"