ಮೂರನೆಯ ಸೀಟಿ

ಸೋಹಾರಿನ ಈ ಮನೆಯ ಹಿಂದೆ ಅಂಗಳವೆಂದರೆ
ಹದಿನಾಲ್ಕು ಹೆಜ್ಜೆ ಸಿಮೆಂಟು, ಒಂದು ನಿಂಬೆಗಿಡ,
ಗ್ಯಾಸ್ ಸಿಲಿಂಡರು, ಬಟ್ಟೆ ಹಗ್ಗ,
ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ
ನಾನಿಟ್ಟ ಹಾಲುಪುಡಿ ಡಬ್ಬಿಯ ಮುಚ್ಚಳ.

ಮಾರ್ಚಿ ಕಾಲಿಟ್ಟರೆ ಸಾಕು, ನೆಂಟರು.
ಮೊದಲು ಊರಿನ ಕುಚ್ಚಲಕ್ಕಿ ಹಾಕಿದ್ದೆ:
ಕೊಕ್ಕಿನಲ್ಲೆತ್ತಿ, ಉಗುಳಿ, ನನ್ನ ಮುಖ ನೋಡಿದವು.
ಬಾಸ್ಮತಿ ನುಚ್ಚಿಗೆ ಮೂರು ಜಗಳ, ಒಂದು ಪುಕ್ಕ.
ಇರಲಿ, ನಮ್ಮನೆಯವರೂ ಹಾಗೆಯೇ.

ಬಿಳಿಗೆನ್ನೆಯ ಪಿಕಳಾರಕ್ಕೆ ಖರ್ಜೂರವೇ ಆಗಬೇಕು.
ಬಾಲದಡಿ ಹಳದಿ, ಅರಿಶಿನದ ಕೈಯನ್ನು
ಲಂಗಕ್ಕೆ ಒರೆಸಿಕೊಂಡ ಹುಡುಗಿಯ ಹಾಗೆ.
ಸೂರಕ್ಕಿ ಕೂರುವುದಿಲ್ಲ; ನಿಂಬೆಹೂವಿಗೆ ತಲೆಕೆಳಗು.
ಬಿಸಿಲಿಗೆ ತಿರುಗಿದಾಗ ಮಾತ್ರ ನೇರಳೆ,
ಇಲ್ಲವಾದರೆ ಒಂದು ಚೂರು ಇದ್ದಿಲು.

ಗೋಡೆಯಾಚೆಯಿಂದ ಶಮ್ಸಾ ಅಜ್ಜಿ
"ಹುದ್‌ಹುದ್!" ಎಂದು ಕೂಗುತ್ತಾಳೆ.
"ಚಂದ್ರಮುಕುಟ" ಎನ್ನುತ್ತೇನೆ ನಾನು.
ಅವಳ ಬಾಯಲ್ಲಿ ಅದು "ಶಂದರ್ ಮುಕ್ಕುತ್" ಆಗಿ
ಇಬ್ಬರೂ ನಕ್ಕು ಮುಗಿಸುವಷ್ಟರಲ್ಲಿ
ಎರಡು ಹೆಸರನ್ನೂ ನೆಲದಲ್ಲೇ ಬಿಟ್ಟು
ಬೀಸಣಿಗೆ ಮಡಚಿಕೊಂಡು ಅದು ಹೋಗಿರುತ್ತದೆ.

ಮೊನ್ನೆ ಬೇಳೆ ಬೇಯಲಿಟ್ಟು ಸೀಟಿ ಎಣಿಸುತ್ತಿದ್ದೆ.
ಒಂದು.
ಎರಡು.
ಮೂರನೆಯದು ಕುಕ್ಕರಿನದಲ್ಲ.
ಯಾರೋ ಕೊಳಲೊಳಗೆ ನೀರು ತುಂಬಿ ಊದಿದಂತೆ,
ನಿಂಬೆಗಿಡದ ಕಡೆಯಿಂದ.
ಮೊಳೆಗೆ ಚುಚ್ಚಿಟ್ಟ ಅರ್ಧ ಕಿತ್ತಳೆಯ ಮೇಲೆ
ಹೊನ್ನಕ್ಕಿ.

ಹಳದಿ ಎನ್ನಲೇ? ಹಳದಿ ನಾನು ಕಂಡಿದ್ದೇನೆ,
ಶಾಲೆಯ ಬಸ್ಸು, ಮಾವಿನ ರಸಾಯನ,
ಬಾಗಿಲ ಹಿಂದೆ ತೂಗುವ ಇವರ ಸೈಟಿನ ಹೆಲ್ಮೆಟ್ಟು.
ಇದು ಅವು ಯಾವುದರ ಪರಿಚಯವೂ ಇಲ್ಲದ ಹಳದಿ.
ರೆಕ್ಕೆಯ ಕಪ್ಪು, ಈಗಷ್ಟೇ ತೀಡಿದ ಕಾಡಿಗೆ.
ಎಲ್ಲಿಂದ, ಎಲ್ಲಿಗೆ, ಎಷ್ಟು ದಿನ? ಕೇಳಲಿಲ್ಲ.
ಇಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವುದು ಅದನ್ನೇ.
ಒಂದೊಂದೇ ತೊಳೆ ಬರಿದಾಗುವುದನ್ನು
ಕೈಯ ಸೌಟು ಕೆಳಗಿಡದೆ ನೋಡಿದೆ.

ಆಮೇಲೆ ಎಷ್ಟು ಸೀಟಿಯಾದವೋ.

ಸೀದ ವಾಸನೆ ಮೂಗಿಗೆ ಬಡಿದು ಒಳಗೋಡಿ
ಮುಚ್ಚಳ ತೆಗೆದರೆ
ಮೇಲೆ ಹಳದಿ, ಅಂಚಿಗೆಲ್ಲ ಕಪ್ಪು,
ಅದೇ ಬಣ್ಣ, ಅದೇ ಅಳತೆಯಲ್ಲಿ!
ತಿರುಗಿ ಕಿಟಕಿಯಲ್ಲಿ ಇಣುಕಿದೆ:
ಬರೀ ಸಿಪ್ಪೆ, ಮೊಳೆಯಲ್ಲಿ ಇನ್ನೂ ತೂಗುತ್ತ.

"ಏನಾಯ್ತು ತೊವ್ವೆಗೆ?" ಎಂದರು ಇವರು, ಬಟ್ಟಲು ಸರಿಸಿ.
"ಹಾರಿಹೋಯ್ತು" ಎಂದೆ.
ಒಂದು ಗಳಿಗೆ ನನ್ನನ್ನೇ ನೋಡಿ
ಉಪ್ಪಿನಕಾಯಿ ಹಾಕಿಸಿಕೊಂಡರು.

ತಳ ಬಿಡಲೆಂದು ಕುಕ್ಕರನ್ನು
ಏಸಿಯ ಪೈಪಿನಡಿ ಇಟ್ಟು ಇವತ್ತಿಗೆ ನಾಲ್ಕು ದಿನ.
ಗುಬ್ಬಿಗಳು ಅದರಲ್ಲೇ ಮೀಯುತ್ತಿವೆ, ಸರದಿ ತಪ್ಪಿಸಿ, ಬೈದಾಡಿ.
ಬೇಳೆಗೆ ಬೇರೆ ಪಾತ್ರೆ ನೋಡಬೇಕು.