ಕುಸುಬಿ ಎಣ್ಣೀ ಡಬ್ಬಿ

ಬಂದಾದ ದಾಲ್ ಮಿಲ್ಲಿನ ಆಫೀಸಿನಿಂದ
ಕಿಲೋ ಲೆಕ್ಕದಾಗ ಗುಜರಿಗೆ ಬಂದಿತ್ತು.
ಹಸರು ಬೋರ್ಡು, ಅದರ ನೆತ್ತೀ ಮ್ಯಾಲ ಪಂಖಾ,
ಪಂಖಾದ ಸಂದಿಯೊಳಗ ತೊಗರಿ ಹೊಟ್ಟಿನ ಧೂಳು
ಕಂಬಳಿಯಷ್ಟು ದಪ್ಪ.
ಮಶಾಕ್ ಅಂದ: "ಅಕ್ಕಾ, ಹದಿನಾಕುನೂರು.
ನಡದ್ರ ನಿಮ್ಮ ನಸೀಬು,
ನಡೀಲಿಲ್ಲಂದ್ರ ಗ್ವಾಡಿಗೆ ತೂಗಹಾಕ್ರಿ, ಚೆಂದ ಕಾಣ್ತದ."

ಕಲಬುರಗಿ ಕೋರ್ಟಿನ ಎದುರು ಟೈಪ್ ಮಾಡಾಕಿ ನಾನು, ಜಗದೇವಿ.
ಇಪ್ಪತ್ತೊಂದು ವರ್ಷದ ಅಫಿಡವಿಟ್ಟು, ವಾಟ್ನಿ ಪತ್ರ, ಖರೀದಿ ಪತ್ರ
ಎಲ್ಲಾ ಹಳೇ ಫಾಂಟಿನಾಗ ಕುಂತಾವ.
ಹೊಸ ಮಷೀನಿನಾಗ ತೆರೆದರ
ಅಕ್ಷರಕ್ಕ ಟೋಪಿ, ಬಾಲ, ನೆತ್ತಿಗೆ ಎರಡೆರಡು ಚುಕ್ಕಿ.
ಯಾವ ದೇಶದ ಮಂದಿಯೋ
ನನ್ನ ಕಡೆ ಕಣ್ ಕಣ್ ಬಿಡ್ತಾರ.
ಕನ್ನಡದಿಂದ ಕನ್ನಡಕ್ಕ ತರ್ಜುಮೆ ಆಗಬೇಕು.
ಮಾಡಿಕೊಡ್ತೀನಿ ಅಂದ ಹುಡುಗ
ಪುಟಕ್ಕ ಎರಡು ರೂಪಾಯಿ ಕೇಳಿದ.
ಪುಟ ನಲವತ್ತು ಸಾವಿರ.
ಗುಣಾಕಾರ ನನಗೂ ಬರ್ತದ.
ಪ್ರೋಗ್ರಾಮ್ ಬರೂದಿಲ್ಲ, ಖರೇ.
ಟೈಪಿಂಗೂ ಒಮ್ಮೆ ಬರ್ತಿರಲಿಲ್ಲ.

ಎಸ್‌ಎಸ್‌ಡಿ ಒಂದೇ ಹೊಸಾದು, ಒಂಬೈನೂರು,
ಅಂಗಡಿಯಂವ ರಸೀದಿ ಕೊಟ್ಟಾಗ ಮದುವಿ ಕಾರ್ಡು ಇಸಗೊಂಡಂಗಾತು.
ಮಾನಿಟರಿನ ಎಡಕ್ಕ ಹಸರು ಗೆರಿ ಒಂದು, ಅಳಿಯೂದಿಲ್ಲ.
ಅದಕ್ಕ ಎಂಟುನೂರು, ಗೆರಿಗೆ ನೂರು ಕಡಿಮಿ ಮಾಡಿಸಿದೆ.
ಕ್ಯಾಬಿನೆಟ್ಟಿಗೆ ಎರಡು ಸಾವಿರ ಯಾರು ಕೊಡಬೇಕು?
ಹದಿನೈದು ಕಿಲೋದ ಕುಸುಬಿ ಎಣ್ಣೀ ಡಬ್ಬಿ ಇತ್ತು,
ಶೀಗೇಕಾಯಿ ಹಚ್ಚಿ ಮೂರು ಸಲ ತೊಳದೆ.
ತಗಡಿನ ಚಂದಪ್ಪ ಪಂಖಾಕ್ಕ ದುಂಡಗ ಕೊರದು
"ಇದರಾಗ ಕೋಳಿ ಸಾಕ್ತೀರೇನ್ರಿ?" ಅಂದ.
ಬೋರ್ಡು ತಗಡಿಗೆ ತಾಕಬಾರದು,
ಮುರದ ಕೇರಂ ಬೋರ್ಡಿನ ತುಂಡು ಕೆಳಗಿಟ್ಟೆ.
ಕೆಂಪು ವರ್ತುಲದ ಅರ್ಧ ಇನ್ನೂ ಕಾಣ್ತದ,
ರಾಣಿ ಕುಂದರೋ ಜಾಗಾದಾಗ ಪ್ರೊಸೆಸರು.

ಏಪ್ರಿಲ್ ರಾತ್ರಿ. ಛತ್ತಿನ ಕಲ್ಲು ಇನ್ನೂ ಸುಡ್ತಿತ್ತು.
ಸ್ವಿಚ್ ಒತ್ತಿದೆ.
ಮೂರು ಸಲ ಕೂಗಿ ಸುಮ್ಮನಾತು.
ಮಶಾಕ್‌ಗ ಫೋನ್ ಹಚ್ಚಿದರ
ಅಂವ ನಿದ್ದಿಗಣ್ಣಾಗ, "ರ್‍ಯಾಮ್ ತೆಗೀರಿ,
ಸಾಲಿ ಹುಡುಗರ ರಬ್ಬರಿಲೆ ತಿಕ್ರಿ," ಅಂದ.
ಇಪ್ಪತ್ತೊಂದು ವರ್ಷ ಮಂದೀ ತಪ್ಪು ಅಳಿಸಿದ ಕೈ,
ಬಂಗಾರದ ಹಲ್ಲು ತಿಕ್ಕಲಿಕ್ಕೆ ಕುಂತೆ.
ಕರೆಂಟ್ ಹೋತು.
ತಿಕ್ಕೂದಕ್ಕ ಕರೆಂಟ್ ಬೇಡ.

ಒಂದೂವರಿಗೆ ಕರೇ ಪಡದಿ, ಅದರಾಗ ಬಿಳೀ ಗೆರಿ
ಹತ್ತತದ, ಆರತದ,
ಬಾಯಿ ತೆರೆದು "ಹೇಳ್ರಿ" ಅನ್ನೋ ಕಕ್ಷಿದಾರನಂಗ.

ಕೀಲಿಮಣಿಯಾಗ ಸೆಮಿಕೋಲನ್ ಗುಂಡಿ ಬಿದ್ದುಹೋಗ್ಯಾದ.
ಅದಕ್ಕ ಪೈಥಾನ್ ಹಿಡದೆ,
ಅದು ಸೆಮಿಕೋಲನ್ ಕೇಳೂದಿಲ್ಲ.
ಭಾಷಾ ಹ್ಯಾಂಗ ಆರಿಸಿದ್ರಿ ಅಂತ ಕೇಳಿದವರಿಗೆ
ದೊಡ್ಡ ಕಾರಣ ಹೇಳ್ತೀನಿ.

ತಿಂಗಳೆರಡು ಕಳದು ಒಂದು ಕಡತ ಹಾಕಿದೆ.
"ಕಲಬುರಗಿ" ತಟ್ಟನ ಬಂತು,
ಒತ್ತಿಲ್ಲ, ಅರ್ಕಾವತ್ತಿಲ್ಲ, ಸೀದಾ ಮನಿಷಾ.
"ಗುಲ್ಬರ್ಗಾ" ಮಾತ್ರ "ಗುಲ್ಬಗಾರ್" ಆತು,
ಯಾವನೋ ಹಳೇ ಸಾಹೇಬನ ಹೆಸರಿನಂಗ.
ಸರ್ವೆ ನಂಬರು "ಸವೆರ್ ನಂಬರು."
ಅರ್ಜಿದಾರ್ತಿ, "ಅಜಿರ್ದಾತಿರ್."
ಧರ್ಮಣ್ಣನ ಎರಡೆಕರೆ "ಧಮರ್ಣ್ಣ"ನ ಪಾಲಿಗೆ ಹೋಗಿತ್ತು.
ಒಬ್ಬಾಕಿನೇ ನಕ್ಕೆ, ಬಾಜೂ ಮನಿಯಾಗ ದೀಪ ಹತ್ತಿತು.

ಹಳೇ ಫಾಂಟಿನಾಗ ರ್ ಹಿಂದಿರತದ,
ಬಾಯೊಳಗ ಮೊದಲೇ ಬರತದ.
ಚೌಕಾಬಾರಾದ ಕಾಯಿ ನಡಿಸಿದಂಗ
ಒಂದು ಸಾಲು ಬರದೆ:
ರ್ ಸಿಕ್ಕರ ಒಂದು ಮನಿ ಹಿಂದಕ್ಕ ಹೋಗಲಿ.
ಹೋತು. ಧರ್ಮಣ್ಣನ ಹೊಲ ಧರ್ಮಣ್ಣಗ ಬಂತು.

ಡಬ್ಬಿ ಕಾದು
ಹಳೇ ಧೂಳಿನ್ಯಾಗ ತೊಗರಿ ಹುರದ ವಾಸನಿ.
ಊದಿ ಊದಿ ತೆಗದಿದ್ದೆ, ಎಲ್ಲೋ ಉಳದದ.
ಲಕ್ಷ್ಮೀಬಾಯಿ ಇನ್ನೂ ಮೂರು ತುಂಡಾಗೇ ಬರ್ತಾಳ.
ಆಕೀದು ನಾಳಿ.